ಆರೂವರೆಯ ತೇಗು

ರೀ,

ನಾಟಕಕ್ಕೆ ಮುಂಚೆ ಊಟಕ್ಕೆಂದು ಕುಶಾಲನಗರದಲ್ಲಿ ಬೇರೆ ಹೋಟೆಲು ಹುಡುಕಬೇಡಿ. ದುಬಾರೆ ಆನೆ ನೋಡಲು ಬಂದವರ ರೇಟನ್ನೇ ನಮಗೂ ಹಾಕುತ್ತಾರೆ. ರುದ್ರಪ್ಪನವರ ಮೆಸ್ಸಿಗೇ ಬನ್ನಿ. ಜಾಗ ಹಿಡಿಯಲು ನಾನು ಮುಂದೆ ಹೋಗಿರುತ್ತೇನೆ. ಐದೂಮುಕ್ಕಾಲಿಗೆ ಅಲ್ಲಿರಿ. ಕನ್ನಡಕ ಫ್ರಿಜ್ಜಿನ ಮೇಲಿದೆ.

ಇವತ್ತೂ ಮಹಾರಾಜನ ಪಾತ್ರ ಅವರದೇ. ಕಿರೀಟ ಇಟ್ಟುಕೊಂಡೇ ಬಡಿಸುತ್ತಾರೆ, ನಗಬೇಡಿ. ಸಾರಿನ ಹಬೆಗೆ ಮೀಸೆ ಸಡಿಲವಾಗುತ್ತದಂತೆ, ಹೆಚ್ಚು ಮಾತಾಡಿಸಲೂ ಬೇಡಿ.

ಹೋದ ವರ್ಷ ನೀವು ಮೂರು ಸಲ ಅನ್ನ ಹಾಕಿಸಿಕೊಂಡು ಕೂತಿರಿ. ಅಲ್ಲಿ ಇಡೀ ಆಸ್ಥಾನ ಖಾಲಿ ಸಿಂಹಾಸನಕ್ಕೆ ಅರ್ಧ ಗಂಟೆ ಜೈಕಾರ ಹಾಕಿತು. ಕೊನೆಗೆ ಪಾಪ, ಕತ್ತಿಯ ಬದಲು ಸೌಟು ಹಿಡಿದು ರಂಗಕ್ಕೆ ಓಡಿದರು. ಈ ಸಲ ನಮ್ಮನ್ನು ಕಾಯದೆ ಹೊರಡಿ ಎಂದು ಬೆಳಿಗ್ಗೆ ಫೋನು ಮಾಡಿ ಹೇಳಿದೆ. "ಯಜಮಾನ್ರು ತೇಗೋವರ್ಗೂ ನಾನ್ ಹೋಗಲ್ಲ ಅಕ್ಕಾ" ಎಂದರು. ನಿಮ್ಮ ಬಿಪಿಗೆಂದು ಉಪ್ಪಿಲ್ಲದ ಮಜ್ಜಿಗೆ ಬೇರೆ ತೆಗೆದಿಟ್ಟಿದ್ದಾರೆ. ಅಂಥವರನ್ನು ಮತ್ತೆ ನಗೆಪಾಟಲು ಮಾಡಬಾರದು.

ಹೊಟ್ಟೆ ತುಂಬಲಿ, ಬಿಡಲಿ, ಆರೂವರೆಗೆ ಸರಿಯಾಗಿ ಅವರಿಗೆ ಕೇಳಿಸುವಂತೆ ಒಂದು ತೇಗು ತೇಗಿಬಿಡಿ. ಪರದೆ ಏಳಲಿ.

ಶಕುಂತಲಾ