ಹೊಳೆಗೆ ಬಿಡಲಿದ್ದ ಓಲೆ

ಜನವರಿ 12, ಸೋಮವಾರ. ಬೆಳ್ಳಾರೆ

ಬೆಳಿಗ್ಗೆಯಿಂದ ಬರೀ ಪಾಸ್‌ಪೋರ್ಟ್ ಫೋಟೋ. ಮಧ್ಯಾಹ್ನ ಸ್ಟುಡಿಯೋಗೆ ಪಂಜದ ರಾಜೀವಿ ಅಕ್ಕ ಬಂದರು. ಪಂಚೆಯಲ್ಲಿ ಸುತ್ತಿದ ತಾಳೆಯೋಲೆಯ ಕಟ್ಟು. ಗಂಡನ ಮನೆಯದು. ತುಳು ಲಿಪಿ. ಮನೆಯಲ್ಲಿ ಓದಬಲ್ಲವರು ಯಾರೂ ಉಳಿದಿಲ್ಲ.

"ಇವರು ಆದಿತ್ಯವಾರ ಹೊಳೆಗೆ ಬಿಡ್ತಾರಂತೆ. ಒಂದು ಫೋಟೋ ತೆಗೆದಿಡು ಭವಿತಾ."

ಹೊಳೆಗೆ! ಕ್ರಮ ಹಾಗೆಯಂತೆ — ಹಾಳಾದ ಓಲೆಯನ್ನು ಕಸಕ್ಕೆ ಹಾಕುವುದಿಲ್ಲ.

ಜನವರಿ 14

ಮದುವೆ ಫೋಟೋಕ್ಕೆ ಬಳಸುವ ಲೈಟಿಗೆ ಅಕ್ಷರ ಕಾಣಲೇ ಇಲ್ಲ. ಲೈಟನ್ನು ಮೇಜಿನ ಮಟ್ಟಕ್ಕೆ ಇಳಿಸಿ ಬದಿಯಿಂದ ಬಿಟ್ಟೆ. ಸಾಲುಗಳು ಎದ್ದು ನಿಂತವು! ಉಕ್ಕಿನ ಮೊನೆಯಿಂದ ಕೊರೆದದ್ದು. ಒಂದಕ್ಷರ ಇನ್ನೊಂದಕ್ಕೆ ತಾಗಿಲ್ಲ. ಡಿಲೀಟ್ ಇಲ್ಲ, ಅನ್‌ಡೂ ಇಲ್ಲ... ಎಂಥ ಕೈ.

ಫೋಟೋಗಳನ್ನು ಪುತ್ತೂರಿನ ತಿರುಮಲೇಶ್ವರ ಮಾಸ್ಟ್ರಿಗೆ ಕಳಿಸಿದೆ. ಈ ಲಿಪಿ ಓದಲು ಕಂಪ್ಯೂಟರಿಗೆ ಕಲಿಸುತ್ತಿರುವವರು.

ಜನವರಿ 17, ಸಂಜೆ

ಮಾಸ್ಟ್ರ ಫೋನ್. ದನಗಳ ಮದ್ದಿನ ಗ್ರಂಥವಂತೆ. ಕಂಪ್ಯೂಟರ್ ಅರ್ಧ ಓದಿತು, ಉಳಿದದ್ದು ಅವರು. ಕೊನೆಯ ಓಲೆಯಲ್ಲಿ ಬರೆದವರದ್ದೇ ಮಾತು, ಅದನ್ನು ಓದಿ ಹೇಳಿದರು.

"ಮರ್ಕಂಜದ ಮನೆಯ ಪ್ರತಿಗೆ ಗೆದ್ದಲು ಹಿಡಿದಿತ್ತು. ನೋಡಿ ಬರೆದೆನು. ತಪ್ಪಿದ್ದರೆ ತಿದ್ದಿರಿ. ಇದು ಹಾಳಾಗುವ ಮೊದಲು ಇನ್ನೊಂದು ಬರೆದುಕೊಳ್ಳಿರಿ."

ಹೆಸರಿದ್ದ ತುದಿ ಮುರಿದುಹೋಗಿದೆ.

ಬ್ಯಾಕಪ್ ಇಟ್ಟುಕೊಳ್ಳಿ ಎಂದು ಎಷ್ಟು ಮದುವೆಮನೆಯವರಿಗೆ ಹೇಳಿದ್ದೇನೆ. ಹೀಗೆ ಬೇಡಿಕೊಳ್ಳಲು ಬರಲಿಲ್ಲ.

ಜನವರಿ 18, ಆದಿತ್ಯವಾರ

ಪಂಜಕ್ಕೆ ಓಡಿದೆ. ಕಟ್ಟನ್ನು ರಾಜೀವಿ ಅಕ್ಕ ನಿನ್ನೆಯೇ ಒಯ್ದಿದ್ದರು. ಅವರ ಗಂಡ ರಾಧಾಕೃಷ್ಣಣ್ಣ ಆಗಲೇ ಹೊಳೆಯಲ್ಲಿ, ಮೊಣಕಾಲು ನೀರಿನಲ್ಲಿ. ದಡದಿಂದಲೇ ಕೂಗಿ ನಿಲ್ಲಿಸಿದೆ. ಮೊಬೈಲಿನಲ್ಲಿ ಬರೆದುಕೊಂಡಿದ್ದ ಕೊನೆಯ ಓಲೆಯ ಸಾಲುಗಳನ್ನು ಓದಿದೆ.

"ಫೋಟೋ ಉಂಟಲ್ಲ? ಇನ್ನು ಇದು ಎಂತಕ್ಕೆ ಮಾರಾಯ್ತಿ?"

"ಅಣ್ಣ, ನನ್ನ ಹಾರ್ಡ್ ಡಿಸ್ಕ್ ಐದು ವರ್ಷ ಬಂದ್ರೆ ದೊಡ್ಡದು. ಇದು ಮುನ್ನೂರು ವರ್ಷವಾದ್ರೂ ಬಂದಿರಬಹುದು ಅಂತಾರೆ ಮಾಸ್ಟ್ರು."

ಕಟ್ಟನ್ನು ನೀರಿಗೆ ತಾಗದಂತೆ ಮೇಲೆತ್ತಿ ಹಿಡಿದರು.

"ಇನ್ನೊಮ್ಮೆ ಓದು."

ಓದಿದೆ. ಕಟ್ಟನ್ನು ಎದೆಗೊತ್ತಿಕೊಂಡು ದಡ ಹತ್ತಿದರು.

ಫೆಬ್ರವರಿ 3

ಸುದ್ದಿ ಹೇಗೆ ಹಬ್ಬಿತೋ. ಪೇಟೆಯ ಕದೀಜಮ್ಮ ಬಂದಿದ್ದಾರೆ. ಅವರ ತಂದೆ ಕೈಯಾರೆ ನಕಲು ಮಾಡಿದ ಹಾಡಿನ ಪುಸ್ತಕ. ಅಕ್ಷರ ಅರಬಿ, ಭಾಷೆ ಮಲಯಾಳ.

"ನಿನ್ನ ಕಂಪ್ಯೂಟರಿಗೆ ಇದು ಓದ್ಲಿಕ್ಕೆ ಬರ್ತದಾ?"

"ಇಲ್ಲ ಕದೀಜಮ್ಮ. ನೀವು ಕಲಿಸಬೇಕು."

ಕನ್ನಡಕ ಹಾಕಿಕೊಂಡರು. ಓದಲಿಲ್ಲ, ಹಾಡಿದರು! ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ, ಸದ್ದಿಲ್ಲದೆ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಪುತ್ತೂರು ಬಸ್ಸಿನ ಹಾರ್ನ್... ಅವರು ನಿಲ್ಲಿಸಲಿಲ್ಲ. ಪುಟ ತಿರುಗಿಸಲು ನನಗೆ ಕೈಸನ್ನೆ ಮಾಡುತ್ತಿದ್ದಾರೆ, ಹೋಗಬೇಕು.