ಸೋಮವಾರದಿಂದ ಸರಿಯಾಗಿ

ಮಾರ್ಚ್ 4, ಮಂಗಳವಾರ

ಇವತ್ತೂ ಇಡೀ ದಿನ ಶರ್ಟು. ಬಿಳಿ, ಉದ್ದ ತೋಳು. ಹೊಲಿಗೆ ತಪ್ಪಿದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಹಚ್ಚುವುದು, ವಾಪಸ್ ಕಳಿಸುವುದು. ಕಣ್ಣು ಉರಿ. "ನಿಮ್ಮ ಕೈ ದಾಟಿ ಬಂದ ಪೀಸ್ ಅಂದ್ರೆ ನಾನು ಮತ್ತೆ ನೋಡೋದೇ ಇಲ್ಲ ಅಕ್ಕ" ಅಂದಳು ಸೂಪರ್‌ವೈಸರ್. ಹಿಗ್ಗಿದೆ, ಸುಳ್ಳೇಕೆ.

ಮನೆಗೆ ಬಂದರೆ ಇವರು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಡಾಕ್ಟರ್ ಹತ್ತಿರ ಹೋಗಿದ್ದರಂತೆ. ಶುಗರ್ ಹೆಚ್ಚು, ಬಿ.ಪಿ. ಅದಕ್ಕಿಂತ ಹೆಚ್ಚು. ಜೂನ್‌ನಲ್ಲಿ ಡ್ರೈವರ್‌ಗಳಿಗೆಲ್ಲ ಮೆಡಿಕಲ್ ಟೆಸ್ಟ್. ಅಷ್ಟರಲ್ಲಿ ಇಳಿಯದಿದ್ದರೆ ಬಸ್ಸು ಓಡಿಸಲು ಬಿಡುವುದಿಲ್ಲ. ದಿನಾ ನಡೆಯಿರಿ, ಹೆಂಡತಿಯನ್ನೂ ಕರಕೊಂಡು ಹೋಗಿ ಅಂದರಂತೆ — ಪುಣ್ಯಾತ್ಮ, ನನ್ನನ್ನು ನೋಡದೆಯೇ!

"ನಡಿ, ಈಗ್ಲೇ ಒಂದು ಸುತ್ತು ಹೋಗಿಬರೋಣ" ಎಂದು ಎದ್ದೇಬಿಟ್ಟರು. ಕಾಲಲ್ಲಿ ಹವಾಯಿ ಚಪ್ಪಲಿ.

"ಹಿಂಗೆಲ್ಲ ಆಗಲ್ಲ ರೀ. ಶೂ ಬೇಕು. ಟೈಮ್ ಫಿಕ್ಸ್ ಮಾಡ್ಬೇಕು. ಸೋಮವಾರದಿಂದ ಸರಿಯಾಗಿ ಶುರು ಮಾಡೋಣ."

ಕೂತರು. ಟಿ.ವಿ. ಹಾಕಿಕೊಂಡರು.

ಮಾರ್ಚ್ 10, ಸೋಮವಾರ

ಪಾರ್ಕು. ಅವರ ಡ್ಯೂಟಿಗೆ ಮುಂಚೆ. ಇಬ್ಬರಿಗೂ ಹೊಸ ಶೂ. ವಿಡಿಯೋ ನೋಡಿ ಎಲ್ಲ ಕಲಿತಿದ್ದೆ — ಮೊದಲು ಹಿಮ್ಮಡಿ ಊರಬೇಕು, ಮೊಣಕೈ ಮಡಚಿರಬೇಕು, ಬೆನ್ನು ನೆಟ್ಟಗೆ. ಇವರೋ, ಡ್ರೈವರ್ ಸೀಟಿನಿಂದ ಆಗತಾನೇ ಇಳಿದ ಹಾಗೆ, ಕಾಲು ಅಗಲಿಸಿ, ತೋಳು ಜೋತುಬಿಟ್ಟು… ಹಿಂದಿನಿಂದ ಹೇಳುತ್ತ ಹೋದೆ. "ಭುಜ ರೀ, ಭುಜ."

"ಆಯ್ತು ಮೇಡಂ" ಎಂದು ಸಲ್ಯೂಟ್ ಹೊಡೆದರು.

ಎರಡನೇ ಸುತ್ತಿಗೇ ನನಗೆ ಏದುಸಿರು. ಬೆಂಚಿನ ಮೇಲಿದ್ದ ಕಾಲೇಜು ಹುಡುಗಿಯರು ನಕ್ಕರು. ನನ್ನನ್ನು ನೋಡಿಯೇ ಇರಬೇಕು. ಇನ್ನು ಒಂದು ಹೆಜ್ಜೆ ಇಡುವ ಮನಸ್ಸಾಗಲಿಲ್ಲ. ನೀವು ಮೊದಲು ಸೆಟ್ ಆಗಿ, ಆಮೇಲೆ ನಾನು ಸೇರ್ಕೋತೀನಿ ಅಂದೆ. ಕೂತಲ್ಲಿಂದಲೇ ತಿದ್ದಿದೆ.

ಮಾರ್ಚ್ 13, ಗುರುವಾರ

ಇವರಿಗೆ ಎಚ್ಚರವೇ ಆಗಲಿಲ್ಲ. ನಿನ್ನೆ ಕೊನೇ ಟ್ರಿಪ್ಪು ತಡವಾಗಿತ್ತು. ಸಂಜೆ ಹೋಗ್ತೀನಿ ಅಂದರು. ಬೇಡ ಅಂದೆ. ಬೆಳಗ್ಗೆ ಅಂದ ಮೇಲೆ ಬೆಳಗ್ಗೆ. ಈ ವಾರ ಕೆಟ್ಟಿತು, ಸೋಮವಾರದಿಂದ ಹೊಸದಾಗಿ.

"ಹಂಗಾದ್ರೆ ಇಲ್ಲೀತನಕ ನಡೆದಿದ್ದು?"

"ಲೆಕ್ಕಕ್ಕಿಲ್ಲ."

ಬಗ್ಗಿ ತಮ್ಮ ಕಾಲುಗಳನ್ನೇ ಮಾತಾಡಿಸಿದರು. "ಕೇಳಿಸ್ತೇನ್ರಪ್ಪಾ? ನೀವು ಲೆಕ್ಕಕ್ಕಿಲ್ವಂತೆ." ಮಗಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು.

ಮಾರ್ಚ್ 24, ಸೋಮವಾರ

ಹೋದ ವಾರವೂ ಕೆಟ್ಟಿತು, ಮತ್ತೆ ಮೊದಲಿಂದ. ಈ ಸಲ ತಪ್ಪುವ ಹಾಗಿಲ್ಲ.

ಏಪ್ರಿಲ್ 9, ಬುಧವಾರ

ಪಾರ್ಕಿನಲ್ಲಿ ಜಗಳ. ಜಗಳವೂ ಅಲ್ಲ. "ಬಲಗಾಲು ಎಳೀತಿದ್ದೀರಿ" ಅಂದೆ. ನಿಂತರು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

"ಇಷ್ಟು ವರ್ಷ ಬ್ರೇಕ್ ಒತ್ತಿದ ಕಾಲು ಕಣೇ ಅದು. ಹಂಗೇ ನಡೆಯೋದು." ಆಮೇಲೆ ಮೆತ್ತಗೆ, "ನನ್ನ ಮೈಮೇಲೆ ಸ್ಟಿಕ್ಕರ್ ಹಚ್ಚೋದೊಂದು ಬಾಕಿ."

ಇನ್ನು ಮೇಲೆ ಒಬ್ಬರೇ ಹೋಗುತ್ತಾರಂತೆ. ಹೋಗಲಿ. ಒಳ್ಳೆಯದಕ್ಕೆ ಹೇಳಿದರೆ ಹೀಗೆ. ನನ್ನ ಶೂ ಡಬ್ಬಕ್ಕೆ ಸೇರಿಸಿದೆ. ನಿಜ ಹೇಳಬೇಕೆಂದರೆ ಹಗುರ ಅನ್ನಿಸಿತು. ನಾನು ನಡೆಯುವುದು ತಪ್ಪಿತಲ್ಲ.

ಮೇ 21, ಬುಧವಾರ

ಬರೆದು ಎಷ್ಟು ದಿನವಾಯಿತು. ಫ್ಯಾಕ್ಟರಿಯಲ್ಲಿ ಓವರ್‌ಟೈಮ್.

ಮಗಳು ಬಟ್ಟೆ ಮಡಚುತ್ತ ಅಂದಳು, "ಅಮ್ಮ, ಅಪ್ಪ ವಾಕಿಂಗ್ ಮಾಡ್ತಾನೇ ಇಲ್ಲ. ಟೀ ಅಂಗಡಿ ಕಟ್ಟೆ ಮೇಲೆ ಕೂತು ಪೇಪರ್ ಓದಿ ಬರ್ತಾರೆ. ಯಾಕಪ್ಪ ಅಂದ್ರೆ, 'ನಿಮ್ಮಮ್ಮ ಹೇಳಿದ ಹಾಗೆ ನಡೆಯೋಕೆ ನಂಗೆ ಬರಲ್ಲ, ನಂಗೆ ಬಂದ ಹಾಗೆ ನಡೆದ್ರೆ ಅದು ನಡಿಗೇನೇ ಅಲ್ಲ' ಅಂದ್ರು."

ಅವರ ಶೂ ತಿರುಗಿಸಿ ನೋಡಿದೆ. ಅಟ್ಟೆ ಸವೆದೇ ಇಲ್ಲ.

ಮಾತಾಡಬೇಕು. ಹೇಗೆ ಶುರು ಮಾಡಲಿ? ಸರಿಯಾದ ಮಾತು ಹೊಳೆಯಲಿ. ಭಾನುವಾರ ಇಬ್ಬರಿಗೂ ರಜೆ, ಆವಾಗ ನಿಧಾನವಾಗಿ.

ಜೂನ್ 12, ಗುರುವಾರ

ಫೇಲು.

ಡಿಪೋ ಗೇಟಿನಲ್ಲಿ ಕೂರಿಸಿದ್ದಾರೆ. ಒಳಗೆ ಬಂದ ಬಸ್ಸಿನ ನಂಬರ್ ಬರೆದುಕೊಳ್ಳುವ ಕೆಲಸ. ಮೂರು ತಿಂಗಳಿಗೆ ಇನ್ನೊಂದು ಟೆಸ್ಟ್, ಅದೇ ಕೊನೆ. ಇವರ ಬಸ್ಸು ಬೇರೆಯವರ ಕೈಗೆ ಹೋಯಿತು. "ಕ್ಲಚ್ ಸ್ವಲ್ಪ ಬಿಗಿ. ಅವನಿಗೆ ಹೇಳ್ಬೇಕಿತ್ತು" ಅಂದರು, ಅಷ್ಟೇ. ಊಟ ಅರ್ಧಕ್ಕೆ ಬಿಟ್ಟು ಎದ್ದರು.

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಜೂನ್ 15, ಭಾನುವಾರ

ಅವತ್ತು ಸಂಜೆ ಎದ್ದು ನಿಂತಿದ್ದರಲ್ಲ. ಚಪ್ಪಲಿಯಲ್ಲೇ ಹೊರಟಿದ್ದರು. ನಾನೇ ಕೂರಿಸಿದೆ. ಹೋಗಿದ್ದರೆ… ಬೀದಿ ತುದಿಯ ತನಕ ಹೋಗಿ ಬಂದಿದ್ದರೂ… ಅವರ ಭುಜ, ಅವರ ಕಾಲು ಅಂತ ನೋಡುತ್ತ ನನ್ನ ಹೆದರಿಕೆಯನ್ನು ಬಚ್ಚಿಟ್ಟುಕೊಂಡೆ. ನನಗೆ ನಡೆಯಲು ನಾಚಿಕೆ. ಅದನ್ನು ಹೇಳಿದ್ದರೆ ಆಗುತ್ತಿತ್ತು. ಇವರು ನಕ್ಕು ಕೈ ಹಿಡಿದುಕೊಂಡು ಹೋಗುತ್ತಿದ್ದರು.

ಕ್ಷಮಿಸಿ ಅನ್ನಬೇಕು. ನಾಲಿಗೆ ಏಳುತ್ತಿಲ್ಲ.

ಜುಲೈ 3, ಗುರುವಾರ

ಕೆಲಸ ಬಿಟ್ಟ ಮೇಲೆ ಬಸ್ಸು ಹತ್ತಲಿಲ್ಲ. ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಡಿಪೋ ತನಕ ನಡೆದೆ. ಅಲ್ಲಲ್ಲಿ ನಿಂತೆ. ಕೈ ಎಲ್ಲೋ, ಕಾಲು ಎಲ್ಲೋ. ಯಾರೋ ನಕ್ಕರು, ನನಗೇ ಇರಬಹುದು. ನಡೆದೆ.

ಇವರು ಗೇಟಿನಿಂದ ನೋಡುತ್ತಲೇ ಇದ್ದರು.

"ಏನಾಯ್ತೇ? ಬಸ್ ಸಿಗಲಿಲ್ವಾ?"

"ನಡ್ಕೊಂಡೇ ಬಂದೆ. ನೋಡಿದ್ರಲ್ಲ, ಹೆಂಗೆ ನಡೆದೆ ಅಂತ."

"ನೋಡಿದೆ."

"ಹೇಳಿ ಮತ್ತೆ. ಭುಜ, ಬೆನ್ನು, ಏನೇನು ತಪ್ಪಿತ್ತು ಎಲ್ಲ ಹೇಳಿ."

ತಮ್ಮ ಕುರ್ಚಿ ನನ್ನ ಕಡೆ ತಳ್ಳಿದರು. ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟರು. "ಕೂತ್ಕೋ. ಬಂದ್ಯಲ್ಲ, ಸಾಕು."

ತಪ್ಪು ನನ್ನದು ರೀ ಅಂದೆ. ಅದೇ ಹೊತ್ತಿಗೆ ಗೇಟಿನಲ್ಲಿ ಹಾರ್ನ್. ಕೇಳಿಸಿತೋ ಇಲ್ಲವೋ. ನಂಬರ್ ಬರೆದುಕೊಳ್ಳಲು ಹೋದರು. ಇವರದೇ ಬಸ್ಸು. ಆ ನಂಬರ್ ಬರೆಯಲು ತಲೆ ಎತ್ತಿ ನೋಡಲೂ ಇಲ್ಲ.

ಜುಲೈ 5, ಶನಿವಾರ. ಬೆಳಗ್ಗೆ

ಏಳುವಷ್ಟರಲ್ಲಿ ಇವರಿಲ್ಲ. ಶೂ ಇಲ್ಲ. ಟೀ ಅಂಗಡಿಯಲ್ಲೂ ಇಲ್ಲ. ಪಾರ್ಕಿಗೆ ಹೋದೆ.

ನಡೆಯುತ್ತಿದ್ದರು! ಒಬ್ಬರೇ. ಕಾಲು ಅಗಲಿಸಿ, ತೋಳು ಬೀಸಿಕೊಂಡು, ಏನೋ ಗುನುಗುತ್ತ. ಎಷ್ಟು ಚೆಂದ ಕಾಣುತ್ತಿದ್ದರು. ಮರದ ಹಿಂದೆ ನಿಂತು ನೋಡಿದ್ದರೆ ಆಗುತ್ತಿತ್ತು, ಖುಷಿಗೆ ಮುಂದೆ ಬಂದುಬಿಟ್ಟೆ.

ನನ್ನನ್ನು ಕಂಡರು. ಗುನುಗುವುದು ನಿಂತಿತು. ಬೆನ್ನು ಸೆಟೆಯಿತು. ಮೊಣಕೈ ಮಡಚಿದರು. ಹಿಮ್ಮಡಿ ಊರಿ ಊರಿ ನಾಲ್ಕು ಹೆಜ್ಜೆ ಇಟ್ಟರು, ಮುಖವೆಲ್ಲ ಬಿಗಿ.

"ಸರಿ ಇದ್ಯೇನೇ?" ಅಂದರು.

ಎಷ್ಟು ಹೆದರಿಸಿಬಿಟ್ಟಿದ್ದೇನೆ ಇವರನ್ನು. ನಾನು ಏನು ಹೇಳಿದರೂ ತಿದ್ದಿದ ಹಾಗೇ ಆಗುತ್ತದೆ. ಚೆನ್ನಾಗಿದೆ ಅಂದರೂ ಸಹ.

ಅವರನ್ನು ದಾಟಿ ಮುಂದೆ ನಡೆದೆ. ನನ್ನ ಬಾಗಿದ ಬೆನ್ನು, ಸೊಟ್ಟ ಕಾಲು ಅವರಿಗೆ ಕಾಣಲಿ. ಹಿಂದೆ ಸದ್ದಿಲ್ಲ. ಬಹಳ ಹೊತ್ತು ಇಲ್ಲ. ಆಮೇಲೆ ಎಳೆಯುವ ಬಲಗಾಲು, ಜಲ್ಲಿಯ ಮೇಲೆ, ಹತ್ತಿರ… ಹತ್ತಿರ… ತಿರುಗಿ ನೋಡುವ ಆಸೆ ಎಷ್ಟಿತ್ತು. ನೋಡಲಿಲ್ಲ. ಇನ್ನು ಸೋಮವಾರಕ್ಕೆ ಕಾಯುವುದಿಲ್ಲ.