ತಾಯಿ ಮರಣ: ಸೊನ್ನೆ

ಮಾರ್ಚ್ 4, ಬೆಳಿಗ್ಗೆ 7

ನೀರಿನ ಟ್ಯಾಂಕರ್ ಇವತ್ತೂ ಇಲ್ಲ. ನಿನ್ನೆ ಹಿಡಿದಿಟ್ಟ ಅರ್ಧ ಬಕೆಟ್‌ನಲ್ಲೇ ಮುಖ, ಕೈಕಾಲು, ಒಂದು ಲೋಟ ಟೀ. ಫಾರಂ ತೆಗೆದು ಪ್ರಶ್ನೆ 17ರ ಮುಂದೆ ಬರೆದೆ. ತಲೆಗೆ ದಿನಕ್ಕೆ ಎಷ್ಟು ನೀರು — ಒಂದನೇ ಕಾಲಂ 300 ಲೀಟರ್, ಎರಡನೇ ಕಾಲಂ 20. ಇಪ್ಪತ್ತು ಅಂತ ಬರೆದಿದ್ದು ನನ್ನ ಧಾರಾಳತನ.

ಒಟ್ಟು 64 ಪ್ರಶ್ನೆ. ಎರಡು ದೇಶ, ಎರಡೂ ಬರೀ ಮರಳು, ಎರಡರಲ್ಲೂ ಜನ ಅಂದ್ರೆ ಅಲ್ಲೊಬ್ಬರು ಇಲ್ಲೊಬ್ಬರು. ಎರಡರ ಗಡಿ ಜಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಎಷ್ಟು ಮುಂದುವರಿದಿದೆ, ಎಲ್ಲಿ ಬಾಳು ಹಸನಾಗಿದೆ ಅಂತ ವರದಿ ಮಾಡ್ತಾರಂತೆ. ಆರೋಗ್ಯದ ಭಾಗ ನನಗೆ. ಹನ್ನೊಂದು ವರ್ಷದ ಸೀನಿಯರ್ ನರ್ಸ್, ದುಂಡಗಿನ ಅಕ್ಷರ. ಬೇರೆ ಅರ್ಹತೆ ಏನೂ ಇಲ್ಲ.

ಒಂದನೇ ಕಾಲಂ ನಾವಿರುವ ಕಡೆ. ಎರಡನೇದು ಇದು — ಗಡಿ ದಾಟಿ ನಲವತ್ತು ಕಿಲೋಮೀಟರ್, ತಗಡಿನ ಮಾಡಿನ ಒಂದು ಹೆರಿಗೆ ಕೇಂದ್ರ. ಒಂದು ತಿಂಗಳು ಇಲ್ಲಿರಬೇಕು.

ಮಾರ್ಚ್ 6

ಜೀಪಿನ ಡ್ರೈವರ್‌ಗೆ ಎಷ್ಟು ದೂರ ಅಂತ ಕೇಳಿದ್ರೆ "ಇಲ್ಲೇ ಮೇಡಂ" ಅಂತಾನೆ. ಇವತ್ತಿನ "ಇಲ್ಲೇ" 110 ಕಿಲೋಮೀಟರ್. ಅಲ್ಲಿ ಶಾಲೆ ಅಂದ್ರೆ ಒಂದು ಹಳೇ ಕಂಟೇನರ್. ಮಕ್ಕಳು ಒಂಬತ್ತು, ಬೆಂಚು ನಾಲ್ಕು, ಮೇಷ್ಟ್ರು ರಜೆ. ಬರೆದುಕೊಂಡೆ. ಇಡೀ ಜಿಲ್ಲೆಗೆ ಆಪರೇಷನ್ ಥಿಯೇಟರ್ ಒಂದು, ಇಲ್ಲಿಂದ 380 ಕಿಲೋಮೀಟರ್, ಅರ್ಧ ದಾರಿಗೆ ಡಾಂಬರಿಲ್ಲ.

ಸಂಜೆ ಮಗಳು ಪುಟ್ಟಿಯ ಫೋನ್. ಹೊಸ ಈಜುಕೊಳದಲ್ಲಿ ಎರಡು ಸುತ್ತು ಹೊಡೆದ್ಲಂತೆ. ಮರಳುಗಾಡಿನ ನಡುವೆ ಈಜುಕೊಳ! ಇಲ್ಲಿನವರಿಗೆ ಹೇಳಿದ್ರೆ ನಂಬಲ್ಲ. ಆಮೇಲೆ ಇವರು, ಪುಟ್ಟಿಯ ಅಪ್ಪ, ಫೋನ್ ತಗೊಂಡು "ಏನಮ್ಮಾ, ಮೈಗೆ ಮರಳು ಒಗ್ಗಿತಾ?" ಅಂದ್ರು.

"ರೀ, ನಮ್ಮ ಕಡೆ ಸ್ವರ್ಗ ಕಣ್ರೀ. ಅಲ್ಲೇ ಇದ್ದಾಗ ಗೊತ್ತಾಗಲ್ಲ" ಅಂದೆ. ಮನಸಾರೆ ಅಂದಿದ್ದು.

ಮಾರ್ಚ್ 9, ಮಧ್ಯಾಹ್ನ

ಪ್ರಶ್ನೆ 41. ಮೂರು ವರ್ಷದಲ್ಲಿ ತಾಯಿ ಮರಣ — ಹೆರಿಗೆಯಲ್ಲೋ ಬಾಣಂತನದಲ್ಲೋ ಸತ್ತವರು. ನಮ್ಮ ಕಡೆಯದು ಕೇಳೋದೇ ಬೇಡ: ಸೊನ್ನೆ. ಆ ಸೊನ್ನೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡದಾಗಿ ಬೋರ್ಡ್ ಮಾಡಿ ಹಾಕಿದ್ದಾರೆ. ಅದರ ಕೆಳಗೆ ನಿಂತು ನಾವೆಲ್ಲ ಫೋಟೋ ತೆಗೆಸಿಕೊಂಡಿದ್ವಿ.

ಇಲ್ಲಿಯ ಲೆಕ್ಕ ಇರೋದು ದೊಡ್ಡಮ್ಮನ ಹತ್ತಿರ. ಎಲ್ಲರಿಗೂ ಅವರು ದೊಡ್ಡಮ್ಮನೇ. ನಲವತ್ತು ವರ್ಷದಿಂದ ಹೆರಿಗೆ ಮಾಡಿಸ್ತಿರೋ ಸೂಲಗಿತ್ತಿ. ಉದ್ದನೆಯ ರಿಜಿಸ್ಟರ್ ಕೊಟ್ಟರು. ಅಕ್ಷರ ಕಾಗೆ ಕಾಲು, ಆದ್ರೆ ಒಂದೂ ಹೆರಿಗೆ ಬಿಟ್ಟಿಲ್ಲ.

ಸಾವು ಹನ್ನೊಂದು. ಇನ್ನೊಮ್ಮೆ ಎಣಿಸಿದೆ. ಇಷ್ಟು ಕಮ್ಮಿ ಜನ ಇರೋ ಕಡೆ ಹನ್ನೊಂದು! ಏಳು ಹೆಸರಿನ ಮುಂದೆ "ಗೇಟು" ಅಂತಿದೆ. ಯಾವುದೋ ಊರಿರಬೇಕು. ಸೊನ್ನೆ, ಹನ್ನೊಂದು ಅಂತ ತುಂಬಿದೆ.

ಮಾರ್ಚ್ 10

ಬರೆಯೋಕೆ ಮನಸ್ಸಿಲ್ಲ. ಆದ್ರೂ ಬರೀತೀನಿ.

ಬೆಳಿಗ್ಗೆ ಒಬ್ಬಳು ಬಂದಳು. ಇಪ್ಪತ್ತೆರಡು-ಇಪ್ಪತ್ಮೂರು ಇರಬಹುದು, ದಿನ ತುಂಬಿದೆ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆ, ಒಳಗೆ ಕಾಗದದ ಬಿಳುಪು. ರಕ್ತ ಅನ್ನೋದೇ ಇಲ್ಲ. "ಇಷ್ಟು ದಿನ ಎಲ್ಲಿದ್ದೆ? ಮಾತ್ರೆ ತಗೊಂಡಿಲ್ವಾ?" ಅಂತ ಗದರಿದೆ. ಅವಳು ನನ್ನ ಮುಖವನ್ನೇ ನೋಡ್ತಾ ಇದ್ದಳು. ಆಮೇಲೆ ನಕ್ಕಳು.

"ಸಿಸ್ಟರ್, ನೀವಾ! ನನ್ನ ಗುರುತು ಸಿಗಲಿಲ್ವಾ? ಮೂರನೇ ಮಹಡಿ ಒರೆಸ್ತಿದ್ದೆನಲ್ಲಾ. ನಿಮ್ಮ ಡ್ಯೂಟಿ ರೂಮಿನ ಎದುರು ಒದ್ದೆ ಇದ್ರೆ ನೀವು ಗೋಡೆ ಹಿಡ್ಕೊಂಡು ಬರ್ತಿದ್ರಿ."

ಗುರುತು ಸಿಗಲಿಲ್ಲ. ಸಿಕ್ಕಿತು ಅಂತ ತಲೆ ಆಡಿಸಿದೆ.

"ಇಲ್ಲಿಗೆ ಯಾಕೆ ಬಂದೆ? ಅಲ್ಲೇ ಹೆರಿಗೆ ಮಾಡಿಸಿಕೊಳ್ಳೋದಲ್ವಾ?"

"ನೀವೇ ಅಲ್ವಾ ಸಿಸ್ಟರ್ ಮೂತ್ರದ ಬಾಟ್ಲಿ ಕೊಟ್ಟಿದ್ದು?" ಅಂದಳು. ಕೋಪ ಇರಲಿಲ್ಲ ಆ ಮಾತಲ್ಲಿ. "ಮೂರು ತಿಂಗಳಿಗೊಮ್ಮೆ ಮಾಡೋ ಚೆಕಪ್‌ಗೆ. ನೀವು ಸೀಲ್ ಹೊಡೆದ್ರಿ. ಮೂರನೇ ದಿನಕ್ಕೆ ಬಸ್ಸಿಗೆ ಹತ್ತಿಸಿದ್ರು."

ದೊಡ್ಡಮ್ಮ ಬಿಸಿನೀರಿನ ಪಾತ್ರೆ ಇಳಿಸ್ತಾ, "ಇವಳೂ ಗೇಟಿನಿಂದ ಬಂದವಳೇ" ಅಂದರು.

ಗೇಟು ಊರಲ್ಲ. ಗಡಿಯ ಗೇಟು.

ಮಾರ್ಚ್ 11, ಬೆಳಿಗ್ಗೆ

ಗೊತ್ತೇ ಇರಲಿಲ್ಲ ಅಂತ ಬರೆಯೋಕೆ ಹೊರಟೆ. ಪೆನ್ನು ಮುಂದೆ ಹೋಗಲಿಲ್ಲ.

ನಾವೂ ಅಲ್ಲಿಗೆ ಹೊರಗಿನಿಂದ ದುಡಿಯೋಕೆ ಬಂದವರೇ, ಆದ್ರೆ ನಮ್ಮದು ಕುಟುಂಬದ ಪರ್ಮಿಟ್. ಪುಟ್ಟಿ ಅಲ್ಲೇ ಹುಟ್ಟಿದ್ದು, ಎಸಿ ವಾರ್ಡಿನಲ್ಲಿ, ಇಬ್ಬರು ಡಾಕ್ಟರ್. ಒರೆಸೋರು, ತೊಳೆಯೋರು, ಅಡುಗೆಯವರು — ಎಲ್ಲಾ ಈ ಕಡೆಯಿಂದ ಬರೋ ಹೆಂಗಸರು, ಒಂಟಿ ಪರ್ಮಿಟ್, ಗಂಡ ಇದ್ರೂ ಸಂಸಾರ ಹೂಡೋ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಚೆಕಪ್. ಬಸುರಿ ಅಂತಾದ್ರೆ "ಅನ್‌ಫಿಟ್" ಸೀಲ್. ಆಮೇಲೆ ಅವರು ಕಾಣಿಸ್ತಿರಲಿಲ್ಲ. ರಜೆ ಮೇಲೆ ಊರಿಗೆ ಹೋಗ್ತಾರೆ, ತವರು ಮನೆಯಲ್ಲಿ ಬಾಣಂತನ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಒಬ್ಬಳಾದ್ರೂ ವಾಪಸ್ ಬಂದಳಾ ಅಂತ ಕೇಳಿರಲಿಲ್ಲ. ಎಷ್ಟು ಸೀಲ್ ಹೊಡೆದಿದ್ದೀನಿ? ಐವತ್ತು? ನೂರು? ಮಧ್ಯೆ ಟೀ ಕುಡ್ಕೊಂಡು.

ಹನ್ನೊಂದರಲ್ಲಿ ಏಳು ಗೇಟು. ಏಳು ಹೆಂಗಸರು ನಮ್ಮಲ್ಲಿ ದುಡಿದು, ಇಲ್ಲಿ ಸತ್ತು, ಎರಡನೇ ಕಾಲಂನಲ್ಲಿ ಕೂತಿದ್ದಾರೆ. ಹಾಗಾದ್ರೆ ನಮ್ಮ ಬಾಗಿಲಿನ ಬೋರ್ಡು...

ಇವರಿಗೆ ಫೋನ್ ಮಾಡಿ ಹೇಳಿದೆ. "ನೀನು ನರ್ಸು. ಕಾನೂನು ಮಾಡಿದವಳಲ್ಲ. ಫಾರಂ ತುಂಬಿಸಿ ಬಾ" ಅಂದ್ರು. ನಮ್ಮ ಮೂರೂ ಜನದ ಪರ್ಮಿಟ್ ನನ್ನ ಹೆಸರಲ್ಲಿದೆ. ಅದನ್ನ ಅವರು ಬಾಯಿಬಿಟ್ಟು ಹೇಳಲಿಲ್ಲ.

ಮಾರ್ಚ್ 14, ಬೆಳಿಗ್ಗೆ 8

ಮೂರನೇ ಮಹಡಿಯವಳಿಗೆ ನೋವು ಶುರು. ಅವಳನ್ನ ಹಾಗೇ ಕರೀತೀನಿ, ಅವಳಿಗೂ ನಗು ಬರುತ್ತೆ. ದೊಡ್ಡಮ್ಮ ಬೆನ್ನು ನೀವ್ತಿದ್ದಾರೆ. ಮಗು ಸರಿಯಾಗಿ ತಿರುಗಿದೆ. ಏನೂ ಆಗಲ್ಲ.

ಮಾರ್ಚ್ 17

ಮೂರು ದಿನ ಪುಸ್ತಕ ಮುಟ್ಟಲಿಲ್ಲ.

ಮಗು ಅವತ್ತೇ ಹನ್ನೊಂದೂಕಾಲಿಗೆ ಹುಟ್ಟಿತು. ಹೆಣ್ಣು. ಒಳ್ಳೇ ಗಂಟಲು. ದೊಡ್ಡಮ್ಮ "ಊರಿಗೆಲ್ಲ ಕೇಳಿಸ್ತಾಳೆ ಇವಳು" ಅಂದ್ರು. ಮೂರನೇ ಮಹಡಿಯವಳು ಕೈಚಾಚಿ ಅದರ ಕಿವಿ ಮುಟ್ಟಿ ನೋಡಿದಳು. ಆಮೇಲೆ ರಕ್ತ ಶುರುವಾಯಿತು. ನಿಲ್ಲಲೇ ಇಲ್ಲ. ಇಂಜೆಕ್ಷನ್ ಕೊಟ್ಟೆ. ಇನ್ನೊಂದು ಕೊಟ್ಟೆ. ಮೂರನೇದು ಸ್ಟಾಕ್ ಇಲ್ಲ.

ಇಲ್ಲಿನ ಥಿಯೇಟರಿಗೆ 380 ಕಿಲೋಮೀಟರ್. ಗಡಿಗೆ ನಲವತ್ತು, ದಾಟಿದ್ರೆ ನಮ್ಮ ಆಸ್ಪತ್ರೆ, ಬ್ಲಡ್ ಬ್ಯಾಂಕ್, ನನ್ನದೇ ಥಿಯೇಟರ್. ಮಗುವನ್ನ ದೊಡ್ಡಮ್ಮನ ಕೈಗೆ ಕೊಟ್ಟು ಜೀಪಿಗೆ ಹಾಕಿದೆ. ಡ್ರೈವರ್ ಅವತ್ತು "ಇಲ್ಲೇ" ಅನ್ನಲಿಲ್ಲ. ದಾರಿಯುದ್ದಕ್ಕೂ ಅವಳ ಹೊಟ್ಟೆ ಒತ್ತಿ ಹಿಡಿದು ಕೂತಿದ್ದೆ. ಕೈ ತೆಗೆದ್ರೆ ಹೋಗ್ತಾಳೆ ಅಂತ ಗೊತ್ತಿತ್ತು.

ಗಡಿಯಲ್ಲಿ ಎರಡು ಗೇಟು, ನಡುವೆ ಇನ್ನೂರು ಮೀಟರ್ ಬಯಲು. ಈ ಕಡೆಯ ಗೇಟು ತಕ್ಷಣ ಎತ್ತಿದ್ರು. ನಮ್ಮ ಗೇಟಿನ ಆಫೀಸರ್‌ಗೆ ನನ್ನ ಪರಿಚಯ ಇದೆ. ನನ್ನ ಕಾರ್ಡ್ ಇಟ್ಟೆ, ಹಸಿರು ಬಂತು. ಅವಳ ಹಳೇ ಕಾರ್ಡ್ ಇಟ್ಟೆ, ಕೆಂಪು.

"ಸಿಸ್ಟರ್, ನನ್ನ ಹೆಂಡತಿ ಹೆರಿಗೆ ಮಾಡಿಸಿದ್ದು ನೀವೇ. ನಾನು ಮರೆತಿಲ್ಲ" ಅಂದ ಆಫೀಸರ್. ಅವನ ಕಣ್ಣಲ್ಲೂ ನೀರು. "ಆದ್ರೆ ರದ್ದಾದ ಪರ್ಮಿಟ್. ಮೇಲಿನಿಂದ ಕೋಡ್ ಬರದೆ ಇದು ಏಳೋದಿಲ್ಲ."

"ಮೇಲಕ್ಕೆ ಫೋನ್ ಮಾಡ್ರಿ ಮತ್ತೆ!"

ಮಾಡಿದ. ಮೂರು ಸಲ ಮಾಡಿದ. ಹೊರಡೋವಾಗಲೇ ನಾನು ಫೋನ್ ಮಾಡಿದ್ದ ಅಂಬುಲೆನ್ಸ್ ಆ ಕಡೆ ಬಂದು ನಿಂತಿತ್ತು, ನನ್ನ ವಾರ್ಡಿನ ಹುಡುಗಿಯರು ಸ್ಟ್ರೆಚರ್ ಹಿಡಿದು ನಿಂತಿದ್ರು. ನಡುವೆ ಕೆಂಪು-ಬಿಳಿ ಬಣ್ಣದ ಒಂದು ಕೋಲು. ಬಗ್ಗಿದ್ರೆ ದಾಟಬಹುದು. ಬಗ್ಗಿ ದಾಟಿಸೋಣ ಅಂದೆ. ಬಂದೂಕಿನವನು ಬಂದು ಜೀಪಿನ ಮುಂದೆ ನಿಂತ. ಅವನದೂ ಎಳೇ ಮುಖ, ಜೀಪಿನ ಒಳಗೆ ಕಣ್ಣು ಹಾಯಿಸಲಿಲ್ಲ.

ಐವತ್ತು ನಿಮಿಷಕ್ಕೆ ಉತ್ತರ ಬಂತು. ಮೆಡಿಕಲ್ ವೀಸಾಕ್ಕೆ ಅರ್ಜಿ ಹಾಕಬಹುದು ಅಂತ.

ಅಷ್ಟರಲ್ಲಿ ನನ್ನ ಕೈ ಕೆಳಗಿನ ಹೊಟ್ಟೆ ತಣ್ಣಗಾಗಿತ್ತು. ಕೈ ತೆಗೆಯೋಕೆ ಬೆರಳು ಬಿಡಿಸೋಕಾಗಲಿಲ್ಲ, ಡ್ರೈವರ್ ಒಂದೊಂದೇ ಬಿಡಿಸಿದ.

ಮಾರ್ಚ್ 18

ಅವಳ ಗಂಡ ಬಂದ. ಆ ಕಡೆ ಗಣಿಯಲ್ಲಿ ಕೆಲಸ, ಕೂದಲಲ್ಲಿ ಇನ್ನೂ ಬಿಳಿ ಪುಡಿ. ಈ ಕಡೆ ಬರೋಕೆ ಅವನಿಗೆ ಗೇಟು ಒಂದೇ ನಿಮಿಷದಲ್ಲಿ ಎದ್ದಿತಂತೆ.

ಮಗುವನ್ನ ಹೇಗೆ ಹಿಡಿಯಬೇಕು ಅಂತ ಗೊತ್ತಿಲ್ಲ. ದೊಡ್ಡಮ್ಮ ಮೊಣಕೈ ಮಡಿಸಿ ತೋರಿಸಿದ್ರು. "ಅವಳು ಏನಾದ್ರೂ ಹೇಳಿದ್ಲಾ?" ಅಂತ ನನ್ನ ಕೇಳಿದ.

"ಮಗು ಕಿವಿ ನಿನ್ನ ಥರ ಇದೆ ಅಂದಳು" ಅಂದೆ. ಅವಳು ಹಾಗೇನೂ ಹೇಳಿರಲಿಲ್ಲ. ಅವನು ಮಗುವಿನ ಕಿವಿ ನೋಡಿದ, ತನ್ನ ಕಿವಿ ಮುಟ್ಟಿಕೊಂಡ.

ಮಧ್ಯಾಹ್ನ ನಮ್ಮ ಆಸ್ಪತ್ರೆಯ ಡೈರೆಕ್ಟರ್ ಮೇಡಂ ಫೋನ್. ಫಾರಂ ಯಾವಾಗ ಕಳಿಸ್ತೀರಿ ಅಂತ. ಎಲ್ಲಾ ಹೇಳಿದೆ. ಒಂದೇ ಉಸಿರಿಗೆ. ಮೇಡಂ ಒಳ್ಳೆಯವರು, ಪುಟ್ಟಿಗೆ ಜ್ವರ ಬಂದಾಗ ತಮ್ಮ ಕಾರು ಕಳಿಸಿದವರು.

"ತುಂಬಾ ಬೇಜಾರಿನ ವಿಷಯ. ಆದ್ರೆ ಎರಡು ಗೇಟಿನ ನಡುವೆ ಅಂತೀರಲ್ಲ, ಅದು ಅವರ ಕಾಲಂಗೂ ಬರಲ್ಲ, ನಮ್ಮದಕ್ಕೂ ಬರಲ್ಲ. ಅವರದು ಹನ್ನೊಂದೇ ಇರಲಿ, ಪಾಪ. ಹನ್ನೆರಡು ಮಾಡೋದು ಬೇಡ."

ಉಪಕಾರ ಮಾಡಿದ ಹಾಗೆ ಹೇಳಿದ್ರು. ಫೋನ್ ಕಿವಿಯಲ್ಲೇ ಇತ್ತು, ನಾನು ಗೋಡೆ ಹಿಡಿದು ಕೂತೆ.

ಮಾರ್ಚ್ 19, ಬೆಳಿಗ್ಗೆ 10

ಹೊಸ ಹಾಳೆ ತಗೊಂಡೆ. ನೀರು 300, 20. ಅದು ನಿಜ. ರಸ್ತೆ, ಶಾಲೆ, ಹಾಸಿಗೆ — ನಮ್ಮ ಕಡೆ ಮೇಲು, ಅದೂ ನಿಜ. ಇಲ್ಲಿ ಯಾವುದೂ ಚೆನ್ನಾಗಿಲ್ಲ. ಇಲ್ಲಿ ಮೂರನೇ ಇಂಜೆಕ್ಷನ್ ಇಲ್ಲ. ಸುಳ್ಳು ಹೇಳಬಾರದು.

ಪ್ರಶ್ನೆ 41. ಒಂದನೇ ಕಾಲಂ — ಎಂಟು. ಎರಡನೇ ಕಾಲಂ — ನಾಲ್ಕು. ಕೆಳಗೆ ಎಂಟೂ ಹೆಸರು, ಅವರು ಮಾಡ್ತಿದ್ದ ಕೆಲಸ, ಪರ್ಮಿಟ್ ರದ್ದಾದ ತಾರೀಖು. ದೊಡ್ಡಮ್ಮನ ರಿಜಿಸ್ಟರಿನ ಫೋಟೋ. ಎಂಟನೆಯವಳ ಹೆಸರಿನ ಪಕ್ಕ: ಅನ್‌ಫಿಟ್ ಸೀಲ್ ಹೊಡೆದವಳು ಈ ಫಾರಂ ತುಂಬಿದವಳೇ.

ಎರಡೂ ಸರ್ಕಾರಕ್ಕೆ ಕಳಿಸಿದೆ. ಇವರನ್ನ ಕೇಳಲಿಲ್ಲ. ಕೇಳಿದ್ರೆ ಕಳಿಸ್ತಿರಲಿಲ್ಲ.

ಮಾರ್ಚ್ 26

ಬಂತು. ನನ್ನ ಸೇವೆ ಇನ್ನು ಬೇಕಿಲ್ಲವಂತೆ. ಇವರಿಗೂ ಪುಟ್ಟಿಗೂ ದೇಶ ಬಿಡೋಕೆ ಹದಿನೈದು ದಿನ ಟೈಮ್. ವರದಿಯಲ್ಲಿ "ಟೈಪಿಂಗ್ ತಪ್ಪು" ತಿದ್ದಿದ್ದಾರೆ, ಮತ್ತೆ ಸೊನ್ನೆ, ಹನ್ನೊಂದು. ಆದ್ರೆ ವರದಿ ನೋಡಿಕೊಳ್ಳೋ ಈ ಕಡೆಯ ಆಫೀಸರ್ ತಿದ್ದಿದ ಹಾಳೆಗೆ ಸಹಿ ಹಾಕೋಕೆ ಒಪ್ಪಿಲ್ಲವಂತೆ. ಅವನ ಚಿಕ್ಕಮ್ಮನ ಮಗಳೂ ಗೇಟಿನಿಂದ ಬಂದವಳಂತೆ. ಎರಡು ಸಹಿ ಇಲ್ಲದೆ ವರದಿ ಹೊರಗೆ ಬರಲ್ಲ. ಎಷ್ಟು ದಿನ ತಡೆದಾನೋ.

ಫೋನಲ್ಲಿ ಪುಟ್ಟಿ ಅತ್ತಳು. ಈಜುಕೊಳಕ್ಕಲ್ಲ, ಗೆಳತಿಗೆ. "ಅಮ್ಮ, ನೀನು ಏನು ತಪ್ಪು ಮಾಡಿದೆ?" ಅಂದಳು. ದೊಡ್ಡವಳಾದ ಮೇಲೆ ಹೇಳ್ತೀನಿ ಅಂತ ನುಣುಚಿಕೊಳ್ಳಲಿಲ್ಲ. ಹೇಳಿದೆ. ಪೂರ್ತಿ.

ಇವರು ಪುಟ್ಟಿ ಕೈಯಿಂದ ಫೋನ್ ತಗೊಂಡು ಇಟ್ಟುಬಿಟ್ರು.

ಮಾರ್ಚ್ 29, ಸಂಜೆ 5

ಇವರ ಫೋನ್. ಬೈತಾರೆ ಅಂತ ಗಟ್ಟಿಯಾಗಿ ಕೂತೆ.

"ಸಾಮಾನು ಕಟ್ಟಿದೀನಿ" ಅಂದ್ರು. ಆಮೇಲೆ ದನಿ ತಗ್ಗಿಸಿದ್ರು. "ನಮ್ಮ ಕ್ಯಾಂಟೀನಲ್ಲಿ ಒಬ್ಬಳು ಬಡಿಸ್ತಿದ್ಲು. ಎಡಗೆನ್ನೆ ಮೇಲೆ ಮಚ್ಚೆ, ಜೋರಾಗಿ ನಗೋಳು. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಇಲ್ಲ. ನಾನು ತಟ್ಟೆ ಹಿಡ್ಕೊಂಡು ಮುಂದೆ ಹೋದೆ ಕಣೇ. ಎಲ್ಲಿ ಹೋದ್ಲು ಅಂತ ಒಂದು ಮಾತು ಕೇಳಲಿಲ್ಲ. ಆ ದೊಡ್ಡಮ್ಮನ್ನ ಕೇಳಿ ನೋಡ್ತೀಯಾ?"

ಕೇಳಿದೆ. ದೊಡ್ಡಮ್ಮ ಒಲೆಯ ಮುಂದೆ ಬಟ್ಟೆ ಮಡಿಸ್ತಿದ್ರು. ಕೈ ನಿಂತಿತು.

"ಎಡಗೆನ್ನೆ ಅಂದ್ಯಾ?" ಅಂದ್ರು. ಬಟ್ಟೆ ಕೆಳಗಿಟ್ಟು, ರಿಜಿಸ್ಟರ್ ತಂದು ನನ್ನ ಪಕ್ಕ ಕೂತು, ಸತ್ತ ಆ ಏಳರಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು.

ಇವರಿಗೆ ವಾಪಸ್ ಫೋನ್ ಮಾಡಬೇಕು. ಹೇಗೆ ಶುರು ಮಾಡೋದು ಅಂತ ಇಲ್ಲಿ ಬರೆದು ನೋಡ್ತಿದೀನಿ — ರೀ, ಆ ಹುಡುಗಿ...